ಬಾನುಲಿಯ ಕೇಳುಗರು ಮತ್ತು ವಚನದ ಪಠ್ಯ: ಶಿಕಾರಿಪುರ–ಸೊರಬ ಪರಿಸರದ ಎರಡು ಪ್ರತಿಕ್ರಿಯೆಗಳ ಹಿನ್ನೆಲೆಯಲ್ಲಿ

ಆಕಾಶವಾಣಿಗೆ ಕೇಳುಗರು ಬರೆದ ಪತ್ರಗಳನ್ನು ಕನ್ನಡ ಸಾಹಿತ್ಯ ವಿಮರ್ಶೆಯ ಆಕರಗಳೆಂದು ಪರಿಗಣಿಸಬಹುದೆ ಎಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳಲ್ಲಿ ಕೇಳಿದ್ದನ್ನು ನಾನು ಕಂಡಿಲ್ಲ. ಶಾಸನ, ಹಸ್ತಪ್ರತಿ, ಕೈಫಿಯತ್ತು, ಜನಪದ ಗೀತೆ, ಲಾವಣಿ, ಕಂಪೆನಿ ನಾಟಕದ ಹಾಡಿನ ಪುಸ್ತಕ ಹೀಗೆ ಆಕರಗಳ ವ್ಯಾಪ್ತಿಯನ್ನು ಕನ್ನಡ ಸಂಶೋಧನೆ ಒಂದು ಶತಮಾನದಿಂದ ಹಿಗ್ಗಿಸುತ್ತಲೇ ಬಂದಿದೆ. ಪತ್ರಿಕೆಗಳ ವಾಚಕರ ವಾಣಿಯನ್ನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸುವವರೂ ಇದ್ದಾರೆ. ಬಾನುಲಿಗೆ ಬಂದ ಅಂಚೆ ಕಾರ್ಡು ಮಾತ್ರ ಮಾಧ್ಯಮ ಅಧ್ಯಯನದವರ ಪಾಲಿನದು, ಅಥವಾ ಯಾರ ಪಾಲಿನದೂ ಅಲ್ಲ, ಎಂಬ ಧೋರಣೆ ನಮ್ಮಲ್ಲಿ ಬೇರೂರಿದೆ. ಇದರಿಂದ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ಒಂದು ವಚನ, ಒಂದು ಗಾಯನಕ್ರಮ ಹಾಗೂ ಎರಡು ಪ್ರತಿಕ್ರಿಯೆಗಳನ್ನು ಮುಂದಿಟ್ಟುಕೊಂಡು ಇಲ್ಲಿ ಚರ್ಚಿಸಲು ಪ್ರಯತ್ನಿಸಿದ್ದೇನೆ.

ವಚನಗಳ ಮೌಖಿಕ ಬಳಕೆಯ ಬಗ್ಗೆ ಮಾಹಿತಿ ಸಂಗ್ರಹಿಸಲು ಸೊರಬ ತಾಲ್ಲೂಕಿನ ಆನವಟ್ಟಿಯ ಕಡೆಗೆ ಹೋಗಿದ್ದಾಗ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರ ಪರಿಚಯವಾಯಿತು. ನಾನು ಕೇಳಹೋದದ್ದು ಮದುವೆ, ಪ್ರಸಾದ, ಶಿವಭಜನೆಗಳ ಸಂದರ್ಭದಲ್ಲಿ ಹೇಳುವ ವಚನಗಳ ಕುರಿತು. ಅವರು ನನ್ನ ಮುಂದೆ ತಂದಿಟ್ಟದ್ದು ಇನ್ನೂರು ಪುಟದ ಒಂದು ನೋಟುಬುಕ್ಕು. ಬಾನುಲಿ ಕೇಂದ್ರಗಳಿಗೆ ತಾವು ಬರೆದ ಪ್ರತಿಯೊಂದು ಕಾರ್ಡನ್ನೂ ಅಂಚೆಗೆ ಹಾಕುವ ಮೊದಲು ಅದರಲ್ಲಿ ನಕಲು ಮಾಡಿಟ್ಟುಕೊಂಡಿದ್ದರು. ಕಾರ್ಡು ಕಳೆದುಹೋದರೆ ಸಾಕ್ಷಿ ಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ. ಹಾಜರಿ ಪುಸ್ತಕ ಬರೆದು ರೂಢಿಯಾದವರ ಅಚ್ಚುಕಟ್ಟು ಅಲ್ಲಿತ್ತು: ಎಡಕ್ಕೆ ತಾರೀಖು, ನಡುವೆ ಒಕ್ಕಣೆ, ಬಲಕ್ಕೆ ಪತ್ರವನ್ನು ಬಾನುಲಿಯಲ್ಲಿ ಓದಿದರೋ ಇಲ್ಲವೋ ಎಂಬ ಗುರುತು.

ಬಹುಪಾಲು ಪತ್ರಗಳು ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳನ್ನು ಕೇಳಿಸಿ ಅವುಗಳ ಗುಣದೋಷಗಳನ್ನು ವಿವರಿಸುವ ಬಗೆಯ ಕಾರ್ಯಕ್ರಮಗಳಿಗೆ ಸಂಬಂಧಿಸಿದವು. ಇಂಥ ಕಾರ್ಯಕ್ರಮಗಳು ಬೇರೆ ಬೇರೆ ಕೇಂದ್ರಗಳಿಂದ ಬೇರೆ ಬೇರೆ ಹೆಸರುಗಳಲ್ಲಿ ಬಂದಿವೆ. ಹೆಸರು ಇಲ್ಲಿ ಮುಖ್ಯವಲ್ಲ. ಅವುಗಳ ಚೌಕಟ್ಟು ಸರಿಸುಮಾರು ಒಂದೇ. ನಿರೂಪಕರು ಗಾಯಕರ ಘರಾಣೆಯನ್ನೋ ಗುರುಪರಂಪರೆಯನ್ನೋ ಹೇಳುತ್ತಾರೆ, ರಾಗದ ವಾದಿ ಸಂವಾದಿ ಸ್ವರಗಳನ್ನು ತಿಳಿಸುತ್ತಾರೆ, ಒಂದು ಧ್ವನಿಮುದ್ರಿಕೆಯನ್ನು ಕೇಳಿಸುತ್ತಾರೆ, ಆಲಾಪ ಹೇಗೆ ಬೆಳೆಯಿತು, ತಾನು ಎಷ್ಟು ಸ್ಪಷ್ಟವಾಗಿತ್ತು ಎಂದು ವಿಶ್ಲೇಷಿಸುತ್ತಾರೆ. ಕೊನೆಯಲ್ಲಿ ಸಮಯವಿದ್ದರೆ ಒಂದು ವಚನವೋ ದಾಸರ ಪದವೋ ಬರುತ್ತದೆ. ಅದಕ್ಕೆ ವಿಶ್ಲೇಷಣೆಯಿಲ್ಲ. ಊಟವಾದ ಮೇಲಿನ ಎಲೆಯಡಿಕೆಯ ಸ್ಥಾನ ಅದಕ್ಕೆ.

ನೋಟುಬುಕ್ಕಿನ ತಕರಾರುಗಳೆಲ್ಲ ಇರುವುದು ಈ ಎಲೆಯಡಿಕೆಯ ಬಗ್ಗೆ ಎಂಬುದು ನನ್ನ ಗಮನ ಸೆಳೆದ ಸಂಗತಿ.

ಪ್ರದೇಶದ ಬಗ್ಗೆ ಎರಡು ಮಾತು ಹೇಳಬೇಕು. ಶಿವಮೊಗ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ೧೯೬೫ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನೂ, ೧೯೫೦ರಲ್ಲಿ ಆರಂಭವಾದ ಧಾರವಾಡ ಕೇಂದ್ರವನ್ನೂ ಕೇಳುತ್ತ ಬೆಳೆದವು. ಸೊರಬದ ಉತ್ತರದ ಅಂಚು ಹಾನಗಲ್ಲಿಗೆ ತಾಗಿಕೊಂಡಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಉತ್ತರ ಕರ್ನಾಟಕದ ಸಂಗೀತ ಪರಂಪರೆಯನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪) ಮತ್ತು ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಇಬ್ಬರೂ ಹಾನಗಲ್ಲು ತಾಲ್ಲೂಕಿನವರೇ. ಹೀಗಾಗಿ ತುಂಗಭದ್ರೆಯ ಆಚೆಗೆ ಹಿಂದೂಸ್ತಾನಿ, ಈಚೆಗೆ ಕರ್ನಾಟಕ ಸಂಗೀತ ಎಂದು ಗೆರೆ ಎಳೆಯುವ ರೂಢಿಯ ವಿಭಜನೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದೇ ಮನೆಯಲ್ಲಿ ಬೆಳಿಗ್ಗೆ ತ್ಯಾಗರಾಜರ ಕೃತಿ, ರಾತ್ರಿ ಬಿಹಾಗ ರಾಗದ ಖ್ಯಾಲು ಕೇಳಿಸಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ಶಿಕಾರಿಪುರ ತಾಲ್ಲೂಕಿನ ವಿಷಯಕ್ಕೆ ಬಂದರೆ, ಅಲ್ಲಮಪ್ರಭುವಿನ ಬಳ್ಳಿಗಾವಿ ಹಾಗೂ ಅಕ್ಕಮಹಾದೇವಿಯ ಉಡುತಡಿ ಎರಡೂ ಅಲ್ಲಿವೆ. ವಚನವನ್ನು ರಾಗಕ್ಕೆ ಅಳವಡಿಸಿ ಹಾಡಿದ್ದನ್ನು ಬಾನುಲಿ ಪ್ರಸಾರ ಮಾಡಿದಾಗ ಈ ಕೇಳುಗರು ತಮ್ಮನ್ನು ಕೇವಲ ಕೇಳುಗರೆಂದು ಭಾವಿಸುವುದಿಲ್ಲ, ವಾರಸುದಾರರೆಂದು ಭಾವಿಸುತ್ತಾರೆ. ಇದರ ಅತಿರೇಕಗಳೂ ಇವೆ. ಆ ಕುರಿತು ಮುಂದೆ ಹೇಳುತ್ತೇನೆ.

ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ಹಾಡಿ ಮನೆಮಾತಾಗಿಸಿದ ಅಕ್ಕನ ವಚನವೊಂದಿದೆ. ಕಂಡ ಕನಸನ್ನು ಅಕ್ಕನೊಬ್ಬಳನ್ನು ಸಂಬೋಧಿಸಿ ನಿವೇದಿಸುವ ವಚನ ಅದು. ಈ ಪತ್ರಿಕೆಯ ಓದುಗರಿಗೆ ಅದರ ಪಠ್ಯವನ್ನು ನೆನಪಿಸಬೇಕಾಗಿಲ್ಲ. ಕನಸಿನಲ್ಲಿ ಮೊದಲು ಕೆಲವು ಮಂಗಳದ್ರವ್ಯಗಳು ಕಾಣುತ್ತವೆ, ಬಳಿಕ ಭಿಕ್ಷೆಗೆ ಬಂದ ಗೊರವ ಕಾಣುತ್ತಾನೆ, ತಪ್ಪಿಸಿಕೊಂಡು ಹೋಗುವ ಅವನನ್ನು ಬೆನ್ನಟ್ಟಿ ಕೈಹಿಡಿಯುವುದು ನಡೆಯುತ್ತದೆ, ಅಂಕಿತದೊಂದಿಗೆ ಎಚ್ಚರವಾಗುತ್ತದೆ. ವಚನ ಅಲ್ಲಿಗೆ ಮುಗಿಯುತ್ತದೆ. ಆದರೆ ಗಾಯನ ಅಲ್ಲಿಗೆ ಮುಗಿಯುವುದಿಲ್ಲ. ಖ್ಯಾಲು, ಠುಮ್ರಿ, ಭಜನೆಗಳಿಂದ ರೂಪ ಪಡೆದ ವಚನಗಾಯನದಲ್ಲಿ ಮೊದಲ ಸಾಲು ಪಲ್ಲವಿಯಾಗುತ್ತದೆ. ಪ್ರತಿ ಘಟ್ಟದ ನಂತರ ಗಾಯಕ ಅಲ್ಲಿಗೆ ಮರಳುತ್ತಾನೆ. ಅಂಕಿತ ಬಂದ ಮೇಲೂ ಮರಳುತ್ತಾನೆ.

ನೋಟುಬುಕ್ಕಿನಲ್ಲಿ ಮೇಷ್ಟರು ಎತ್ತಿರುವ ಆಕ್ಷೇಪ ಇದೇ. ಅವರ ವಾದವನ್ನು ನನ್ನ ಮಾತುಗಳಲ್ಲಿ ಸಂಗ್ರಹಿಸುವುದಾದರೆ: ಅಕ್ಕ ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆದದ್ದು ಕೇವಲ ನಿದ್ದೆಯಿಂದ ಎದ್ದದ್ದಲ್ಲ, ಅದು ಅರಿವು. ಅರಿವಾದ ಮೇಲೆ ಗಾಯಕರು ಆಕೆಯನ್ನು ಮತ್ತೆ ಕನಸಿಗೆ ಕರೆದೊಯ್ಯುವುದೇಕೆ? ವಚನದಲ್ಲಿ ಅಂಕಿತ ಕೊನೆಗೆ ಬರುವುದು ಅಲ್ಲಿ ನಿಲ್ಲಬೇಕೆಂದೇ. ದಾಸರ ಪದದಲ್ಲಿ ಪಲ್ಲವಿಯನ್ನು ದಾಸರೇ ಬರೆದಿದ್ದಾರೆ, ಅದಕ್ಕೆ ಮರಳುವುದು ಸರಿ. ವಚನದಲ್ಲಿ ಪಲ್ಲವಿ ಎಲ್ಲಿದೆ?

ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟೇ ಇರುವ ಈ ಪ್ರಶ್ನೆ ವಚನದ ರೂಪದ ಬಗ್ಗೆ ನಮ್ಮ ತರಗತಿಗಳಲ್ಲಿ ನಡೆಯುವ ಅನೇಕ ಚರ್ಚೆಗಳಿಗಿಂತ ಖಚಿತವಾದುದು ಎಂಬುದು ನನ್ನ ಅಭಿಪ್ರಾಯ. ವಚನ ಗದ್ಯವೋ ಪದ್ಯವೋ, ಹಾಡಲು ರಚಿತವಾದದ್ದೋ ಆಡಲು ರಚಿತವಾದದ್ದೋ ಎಂಬ ವಾಗ್ವಾದ ಹಳೆಯದು. ತಾಳಮಾನದ ಲೆಕ್ಕ ತನಗೆ ತಿಳಿಯದೆಂದು ಬಸವಣ್ಣ ಹೇಳಿಕೊಂಡದ್ದನ್ನು ಒಂದು ಪಕ್ಷ ಆಧಾರವಾಗಿ ಹಿಡಿದರೆ, ರಾಗತಾಳಗಳ ಉಲ್ಲೇಖವಿರುವ ಸ್ವರವಚನಗಳ ಹಸ್ತಪ್ರತಿಗಳನ್ನು ಇನ್ನೊಂದು ಪಕ್ಷ ತೋರಿಸುತ್ತದೆ. ಆದರೆ ಸ್ವರವಚನಕ್ಕೆ ಪಲ್ಲವಿಯಿರುತ್ತದೆ, ವಚನಕ್ಕೆ ಇರುವುದಿಲ್ಲ. ಇಪ್ಪತ್ತನೆಯ ಶತಮಾನದ ಗಾಯಕ ವಚನಕ್ಕೆ ಪಲ್ಲವಿಯನ್ನು ಕೊಟ್ಟಾಗ ಪಠ್ಯದ ಚಲನೆಯೇ ಬದಲಾಗುತ್ತದೆ, ಮುಂದೆ ಸಾಗುವ ರಚನೆ ಸುತ್ತುವ ರಚನೆಯಾಗುತ್ತದೆ. ಈ ಸೂಕ್ಷ್ಮವನ್ನು ನಾವು ಗಮನಿಸಲಿಲ್ಲ. ಕಾರಣ ಸರಳ. ನಾವು ಮುದ್ರಿತ ವಚನವನ್ನು ಓದುತ್ತೇವೆ, ಅವರು ಹಾಡಿದ ವಚನವನ್ನು ಕೇಳುತ್ತಾರೆ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಪ್ರಕಟವಾದಾಗಿನಿಂದ ಮುದ್ರಿತ ವಚನಕ್ಕೆ ಒಂದು ಚರಿತ್ರೆಯನ್ನು ಕಟ್ಟಿದ್ದೇವೆ. ಅದೇ ಶತಮಾನದಲ್ಲಿ ಗಾಯಕರ ಕೊರಳಿನಲ್ಲಿ ರೂಪುಗೊಂಡ ವಚನವನ್ನು ಸಂಗೀತದವರಿಗೆ ಬಿಟ್ಟುಕೊಟ್ಟೆವು. ಸಂಗೀತದವರು ಅದನ್ನು ಎಲೆಯಡಿಕೆಯಾಗಿ ಇಟ್ಟುಕೊಂಡರು.

ಮೇಷ್ಟರ ಆಕ್ಷೇಪಕ್ಕೆ ಉತ್ತರ ಸಿಕ್ಕಿದ್ದು ಬಾನುಲಿ ಕೇಂದ್ರದಿಂದಲ್ಲ. ಅವರ ನೋಟುಬುಕ್ಕಿನ ಬಲಭಾಗದ ಗುರುತಿನ ಪ್ರಕಾರ ಆ ಪತ್ರದ ಮೊದಲ ವಾಕ್ಯವನ್ನಷ್ಟೇ, ಎಂದರೆ ಕಾರ್ಯಕ್ರಮ ಚೆನ್ನಾಗಿತ್ತು ಎಂಬ ಶಿಷ್ಟಾಚಾರದ ವಾಕ್ಯವನ್ನಷ್ಟೇ, ಓದಲಾಗಿತ್ತು. ಉತ್ತರ ಸಿಕ್ಕಿದ್ದು ಶಿರಾಳಕೊಪ್ಪದ ಕಡೆಯ ಒಂದು ಅಡಿಕೆ ಸುಲಿಯುವ ಚಪ್ಪರದಲ್ಲಿ.

ಕೊಯ್ಲಿನ ದಿನಗಳಲ್ಲಿ ಈ ಕೆಲಸ ರಾತ್ರಿಯವರೆಗೂ ಸಾಗುತ್ತದೆ. ಹೆಂಗಸರು ಸಾಲಾಗಿ ಕುಳಿತು ಕತ್ತಿಗೆ ಕಾಯಿ ಒತ್ತಿ ಸುಲಿಯುತ್ತಾರೆ. ಕೂಲಿ ಡಬ್ಬಿಯ ಲೆಕ್ಕದಲ್ಲಿ. ಮಾತಿಗೆ ಬಿಡುವಿದೆ, ಕೈಗೆ ಬಿಡುವಿಲ್ಲ. ಗೂಟಕ್ಕೆ ತೂಗುಹಾಕಿದ ರೇಡಿಯೊ ಯಜಮಾನರದು, ಹೊಂದಿಸಿದ ಕೇಂದ್ರವೂ ಅವರದೇ ಆಯ್ಕೆ. ಮೇಷ್ಟರ ಪ್ರಶ್ನೆಯನ್ನು ನಾನು ಅಲ್ಲಿ ಪ್ರಸ್ತಾಪಿಸಿದೆ. ಧ್ವನಿಮುದ್ರಿಕೆಯನ್ನು ಮೊಬೈಲಿನಲ್ಲಿ ಕೇಳಿಸಿದೆ. ಆ ವಚನ ಅವರಿಗೆ ಪರಿಚಿತವಾಗಿತ್ತು. ಕನಸಿನಲ್ಲಿ ಕಂಡ ಮಂಗಳದ್ರವ್ಯಗಳ ಪಟ್ಟಿಯಲ್ಲಿ ಅಡಿಕೆ ಬಂದಾಗ ಇಬ್ಬರು ನಕ್ಕರು. ಕನಸಿನಲ್ಲೂ ಅಡಿಕೆ ಬಿಡಲಿಲ್ಲವಲ್ಲ ಎಂಬ ಅರ್ಥದ ಮಾತು ಬಂತು. ಅನಂತರ ಸುಮಾರು ಅರವತ್ತು ವರ್ಷದ ಒಬ್ಬ ಹೆಂಗಸು, ಕೈಕೆಲಸ ನಿಲ್ಲಿಸದೆ, ಗಾಯಕರು ಮಾಡಿದ್ದು ಸರಿಯಾಗಿಯೇ ಇದೆ ಎಂದರು. ಕನಸು ಕಾಣುತ್ತಿರುವಾಗ ಯಾರೂ ಅದನ್ನು ಹೇಳುವುದಿಲ್ಲ. ಎಚ್ಚರವಾದ ಮೇಲೆಯೇ ಹೇಳುವುದು. ಕಣ್ಣು ತೆರೆದವಳು ಮೊದಲು ಮಾಡುವ ಕೆಲಸ ಪಕ್ಕದವಳನ್ನು ಎಬ್ಬಿಸಿ ಅಕ್ಕಾ ಕೇಳು ಎನ್ನುವುದು. ಆದ್ದರಿಂದ ಕೊನೆಯ ಮಾತಾದ ಮೇಲೆ ಮೊದಲ ಮಾತು ಬರಲೇಬೇಕು. ಅವರ ವಾದದ ತಿರುಳು ಇಷ್ಟೇ.

ಇದು ಕಥನಕಾಲ ಮತ್ತು ಕಥಿತಕಾಲಗಳ ವ್ಯತ್ಯಾಸ ಎಂದು ನಾವು ತರಗತಿಯಲ್ಲಿ ಹೇಳಿಕೊಡುವ ವಿಷಯ. ವಚನದ ಕ್ರಿಯಾಪದಗಳು ಭೂತಕಾಲದಲ್ಲಿವೆ ಎಂಬುದು ಅವರ ಓದನ್ನು ಸಮರ್ಥಿಸುತ್ತದೆ. ಆ ದೃಷ್ಟಿಯಿಂದ ನೋಡಿದರೆ ಮೊದಲ ಸಾಲು ಘಟನೆಗಳ ಸರಣಿಯಲ್ಲಿ ಕೊನೆಯದು. ಗಾಯಕ ಅಂಕಿತದಿಂದ ಮೊದಲ ಸಾಲಿಗೆ ಮರಳುವುದು ಹಿಂದಕ್ಕೆ ಹೋಗುವುದಲ್ಲ, ಮುಂದಕ್ಕೆ ಹೋಗುವುದು. ಮುದ್ರಿತ ಪುಟದಲ್ಲಿ ಕಾಣದ ಈ ವರ್ತುಲವನ್ನು ಗಾಯನ ಕಾಣಿಸುತ್ತದೆ. ಮೇಷ್ಟರ ಓದು ಅನುಭಾವದ ಕಡೆಗೆ ವಾಲುತ್ತದೆ, ಈ ಹೆಂಗಸಿನ ಓದು ಸಖ್ಯದ ಕಡೆಗೆ. ಒಬ್ಬರಿಗೆ ಅಂಕಿತದಲ್ಲಿರುವ ಚೆನ್ನಮಲ್ಲಿಕಾರ್ಜುನ ಮುಖ್ಯ, ಇನ್ನೊಬ್ಬರಿಗೆ ಸಂಬೋಧನೆಯಲ್ಲಿರುವ ಅಕ್ಕ ಮುಖ್ಯ. ಎರಡೂ ಪಠ್ಯದಲ್ಲಿ ಆಧಾರವಿರುವ ಓದುಗಳು. ಎರಡೂ ಹುಟ್ಟಿದ್ದು ಪಠ್ಯವನ್ನು ಓದಿ ಅಲ್ಲ, ಧ್ವನಿಮುದ್ರಿಕೆಯನ್ನು ಕೇಳಿ.

ಇದನ್ನು ಕೇಳುಗರ ಅಜ್ಞಾನವೆಂದು ಪರಿಗಣಿಸುವ ದೃಷ್ಟಿಯೂ ಇದೆ. ಸಂಗೀತ ಬಲ್ಲವರೊಡನೆ ಈ ವಿಷಯ ಚರ್ಚಿಸಿದಾಗ ಸಾಮಾನ್ಯವಾಗಿ ಸಿಗುವ ಪ್ರತಿಕ್ರಿಯೆ, ನಮ್ಮ ಜನಕ್ಕೆ ಸ್ವರ ಕೇಳುವ ಕಿವಿಯಿಲ್ಲ, ಸಾಹಿತ್ಯಕ್ಕೆ ಜೋತುಬೀಳುತ್ತಾರೆ ಎಂಬುದು. ತಿಯೊಡೊರ್ ಅಡೊರ್ನೊ ೧೯೬೨ರಲ್ಲಿ ಪ್ರಕಟಿಸಿದ ಸಂಗೀತ ಸಮಾಜಶಾಸ್ತ್ರದ ಉಪನ್ಯಾಸಗಳಲ್ಲಿ ಕೇಳುಗರನ್ನು ವರ್ಗೀಕರಿಸುತ್ತ, ರಚನೆಯ ಪ್ರತಿಯೊಂದು ಕ್ಷಣವನ್ನೂ ಗ್ರಹಿಸಬಲ್ಲ ಪರಿಣತ ಕೇಳುಗನನ್ನು ಮೇಲೆ ಇರಿಸಿ, ಭಾವುಕ ಕೇಳುಗನನ್ನು ಬಹಳ ಕೆಳಗೆ ಇರಿಸಿದ್ದಾನೆ. ನಮ್ಮ ಸಂಗೀತ ವಿದ್ವಾಂಸರು ಅಡೊರ್ನೊನನ್ನು ಓದಿರಲಿ ಬಿಡಲಿ, ಅವರ ಮನಸ್ಸಿನಲ್ಲಿರುವ ಏಣಿ ಹೆಚ್ಚುಕಡಿಮೆ ಇದೇ. ಆ ಏಣಿಯಲ್ಲಿ ಆನವಟ್ಟಿಯ ಮೇಷ್ಟರಿಗೂ ಶಿರಾಳಕೊಪ್ಪದ ಕೂಲಿ ಹೆಂಗಸಿಗೂ ಸಿಗುವುದು ಕೆಳಗಿನ ಮೆಟ್ಟಿಲೇ. ಆದರೆ ಇಬ್ಬರೂ ಮಾತಾಡಿದ್ದು ಭಾವದ ಬಗ್ಗೆ ಅಲ್ಲ, ರಚನೆಯ ಬಗ್ಗೆ ಎಂಬುದನ್ನು ಮರೆಯಬಾರದು. ಯಾವ ಸಾಲಿನ ನಂತರ ಯಾವ ಸಾಲು ಬರಬೇಕು ಎಂಬುದಕ್ಕಿಂತ ರಚನಾತ್ಮಕವಾದ ಪ್ರಶ್ನೆ ಬೇರೆ ಯಾವುದಿದೆ?

ಪಶ್ಚಿಮದಲ್ಲಿ ಧ್ವನಿಮುದ್ರಿಕೆಗಳನ್ನು ವಿಮರ್ಶಿಸುವ ಬಾನುಲಿ ಕಾರ್ಯಕ್ರಮಗಳಿಗೆ ದೀರ್ಘ ಪರಂಪರೆಯಿದೆ. ಬಿಬಿಸಿಯ ‘ರೆಕಾರ್ಡ್ ರಿವ್ಯೂ’ ೧೯೫೭ರಲ್ಲಿ ಆರಂಭವಾಯಿತು. ಒಂದೇ ಕೃತಿಯ ಹಲವು ಧ್ವನಿಮುದ್ರಿಕೆಗಳನ್ನು ಪಕ್ಕಪಕ್ಕದಲ್ಲಿ ಕೇಳಿಸಿ ತೂಗಿನೋಡುವುದು ಅದರ ಕ್ರಮ. ಅಂಥ ತೂಕ ಸಾಧ್ಯವಾಗುವುದು ಎಲ್ಲ ಗಾಯನ ವಾದನಗಳ ಹಿಂದೆ ಸ್ವರಲಿಪಿಯ ಒಂದು ಪಠ್ಯ ಇರುವುದರಿಂದ. ರಾಗಸಂಗೀತದಲ್ಲಿ ಅಂಥ ಸ್ಥಿರ ಪಠ್ಯವಿಲ್ಲ. ಎರಡು ದಿನ ಹಾಡಿದ ಒಂದೇ ಯಮನ್ ಒಂದೇ ಆಗಿರುವುದಿಲ್ಲ. ಹಾಗಾಗಿ ಸಾಮಾನ್ಯ ಕೇಳುಗ ಯಾವುದರ ಜೊತೆ ಯಾವುದನ್ನು ಹೋಲಿಸಬೇಕು? ವಚನ ಬಂದಾಗ ಮಾತ್ರ ಅವನ ಬಳಿ ಒಂದು ಪಠ್ಯವಿದೆ, ಅದು ಅವನಿಗೆ ಕಂಠಪಾಠವಾಗಿದೆ. ನಿರೂಪಕರಿಗಿಂತ ತಾನು ಹೆಚ್ಚು ಬಲ್ಲೆ ಎಂಬ ಧೈರ್ಯ ಬರುವುದು ಅಲ್ಲಿ. ನೋಟುಬುಕ್ಕಿನಲ್ಲಿ ಖ್ಯಾಲಿನ ಬಗ್ಗೆ ವಿನಯದ ಮೆಚ್ಚುಗೆ, ವಚನದ ಬಗ್ಗೆ ಗಟ್ಟಿಯಾದ ತಕರಾರು ಇರುವುದರ ರಹಸ್ಯ ಇದೇ ಎಂದು ನನಗೆ ಅನ್ನಿಸುತ್ತದೆ.

ಈ ಧೈರ್ಯಕ್ಕೆ ಬಾನುಲಿಯ ವ್ಯವಸ್ಥೆಯಲ್ಲಿ ಜಾಗ ಕಡಿಮೆ. ಬಿ.ವಿ. ಕೇಸ್ಕರ್ ೧೯೫೨ರಿಂದ ೧೯೬೨ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಅವಧಿಯಲ್ಲಿ ಶಾಸ್ತ್ರೀಯ ಸಂಗೀತವನ್ನು ರಾಷ್ಟ್ರದ ಸಂಗೀತವಾಗಿ ಸ್ಥಾಪಿಸುವ ನೀತಿ ರೂಪುಗೊಂಡಿತು. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ೧೯೫೨ರಲ್ಲಿ ಶುರುವಾಯಿತು. ಚಿತ್ರಗೀತೆಗಳಿಗೆ ಕತ್ತರಿ ಬಿತ್ತು. ಕೇಳುಗರ ಪ್ರತಿಕ್ರಿಯೆ ಪತ್ರದ ರೂಪದಲ್ಲಿ ಬರಲಿಲ್ಲ, ತಿರುಗಣೆಯ ರೂಪದಲ್ಲಿ ಬಂತು: ದೇಶದ ರೇಡಿಯೊಗಳು ಸಿಲೋನಿನ ಕಡೆಗೆ ತಿರುಗಿದವು. ೧೯೫೭ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾಗಿ ಬಂದದ್ದು ಆ ತಿರುಗಣೆಯ ಒತ್ತಡದಿಂದ. ಈ ಕಥೆಯನ್ನು ಜನಪ್ರಿಯ ಮತ್ತು ಶಾಸ್ತ್ರೀಯಗಳ ಸಂಘರ್ಷವಾಗಿ ಹೇಳುವುದು ರೂಢಿ. ಅದರಲ್ಲಿ ಶಾಸ್ತ್ರೀಯವನ್ನು ಬಿಡದೆ ಕೇಳುತ್ತಲೇ ಅದರೊಂದಿಗೆ ಜಗಳವಾಡಿದ ಕೇಳುಗ ಕಳೆದುಹೋಗುತ್ತಾನೆ. ಸಿಲೋನಿಗೆ ಹೋದವನ ಲೆಕ್ಕ ಸಿಕ್ಕಿತು, ಉಳಿದವನು ಏನು ಹೇಳಿದ ಎಂಬುದು ಸಿಗಲಿಲ್ಲ.

ಕಲಾವಿದರನ್ನು ಬಿ, ಬಿ ಹೈ, ಎ, ಟಾಪ್ ಎಂದು ಶ್ರೇಣೀಕರಿಸುವ ಪದ್ಧತಿಯೂ, ಸಂಗೀತವನ್ನು ಶಾಸ್ತ್ರೀಯ, ಸುಗಮ, ಭಕ್ತಿ, ಜಾನಪದ ಎಂದು ಬೇರ್ಪಡಿಸುವ ಪದ್ಧತಿಯೂ ಇಲ್ಲಿ ಪ್ರಸ್ತುತ. ಒಬ್ಬರೇ ಗಾಯಕ, ಒಂದೇ ಕೊರಳು, ಒಂದೇ ತಂಬೂರಿ. ಖ್ಯಾಲು ಹಾಡಿದರೆ ಅದು ಶಾಸ್ತ್ರೀಯ. ವಚನ ಹಾಡಿದರೆ ಭಕ್ತಿಸಂಗೀತ. ಶಾಸ್ತ್ರೀಯವೆಂದ ಕೂಡಲೇ ವಿಮರ್ಶೆಗೆ ಅರ್ಹತೆ ಬರುತ್ತದೆ, ಭಕ್ತಿಯೆಂದ ಕೂಡಲೇ ವಿಮರ್ಶೆ ಅಪಚಾರವಾಗುತ್ತದೆ. ಮನ್ಸೂರರ, ಬಸವರಾಜ ರಾಜಗುರು ಅವರ, ಸಿದ್ಧರಾಮ ಜಂಬಲದಿನ್ನಿಯವರ, ಈಚೆಗೆ ಎಂ. ವೆಂಕಟೇಶಕುಮಾರರ ವಚನಗಾಯನವನ್ನು ಗುಣದೋಷಗಳ ದೃಷ್ಟಿಯಿಂದ ವಿವೇಚಿಸುವ ಬರವಣಿಗೆ ಕನ್ನಡದಲ್ಲಿ ಸೊರಗಿರುವುದಕ್ಕೆ ಈ ವರ್ಗೀಕರಣವೂ ಒಂದು ಕಾರಣ. ಬಳ್ಳಿಗಾವಿಯ ಕೋಡಿಮಠವನ್ನು ವರ್ಣಿಸುವ ಹನ್ನೆರಡನೆಯ ಶತಮಾನದ ಶಾಸನ ನೆನಪಾಗುತ್ತದೆ. ಅಲ್ಲಿ ವ್ಯಾಕರಣಗಳು ಅಧ್ಯಯನದ ಪಟ್ಟಿಯಲ್ಲಿವೆ, ಗಾಯಕರು ವಾದಕರು ಅನ್ನದಾನದ ಪಟ್ಟಿಯಲ್ಲಿದ್ದಾರೆ. ನಮ್ಮ ವಿಭಾಗಗಳು ಆ ವಿಭಜನೆಯನ್ನು ಇಂದಿಗೂ ಪಾಲಿಸುತ್ತಿವೆ ಎಂದು ತಮಾಷೆಗೆ ಹೇಳಬಹುದು.

ಪಲ್ಲವಿಯ ಹಿಂದೆ ತಂತ್ರಜ್ಞಾನದ ಒಂದು ಸಂಗತಿಯೂ ಇದ್ದಿರಬೇಕು. ಎಪ್ಪತ್ತೆಂಟು ಸುತ್ತಿನ ಗ್ರಾಮೋಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಖ್ಯಾಲಿಗೆ ಅದು ಸಾಲದು. ವಚನವನ್ನು ಬರೀ ಹೇಳಿದರೆ ಅದು ಹೆಚ್ಚಾಯಿತು. ಆವರ್ತಿಸುವ ಪಲ್ಲವಿ ಈ ಎರಡರ ನಡುವಿನ ಅಳತೆಯನ್ನು ಹೊಂದಿಸಿಕೊಟ್ಟಿತು. ಇದು ನನ್ನ ಊಹೆ, ಬಲ್ಲವರು ಪರಿಶೀಲಿಸಬೇಕು.

ಇನ್ನು ಈ ಆಕರದ ಮಿತಿಗಳ ಬಗ್ಗೆ. ಕೇಳುಗರ ಪತ್ರಗಳೆಲ್ಲ ವಿಮರ್ಶೆಯ ಮುತ್ತುಗಳು ಎಂದು ನಾನು ವಾದಿಸುತ್ತಿಲ್ಲ. ನೋಟುಬುಕ್ಕಿನಲ್ಲೇ ಅರ್ಧಕ್ಕೂ ಹೆಚ್ಚು ಪತ್ರಗಳು ಕೋರಿಕೆಗಳು, ವಂದನೆಗಳು, ಪ್ರಸಾರ ಸರಿಯಾಗಿ ಕೇಳಿಸಲಿಲ್ಲ ಎಂಬ ದೂರುಗಳು. ತಮ್ಮ ಹೆಸರು ಬಾನುಲಿಯಲ್ಲಿ ಬರಲೆಂದೇ ಬರೆಯುವವರ ಸಂಖ್ಯೆ ದೊಡ್ಡದು. ವಾರಸುದಾರಿಕೆಯ ಮಾತು ಮೇಲೆ ಬಂತು. ಉಡುತಡಿ ನಮ್ಮದು, ಆದ್ದರಿಂದ ಅಕ್ಕನನ್ನು ಹೇಗೆ ಹಾಡಬೇಕೆಂದು ನಾವು ಹೇಳುತ್ತೇವೆ ಎಂಬ ಧಾಟಿ ಒಮ್ಮೊಮ್ಮೆ ಬೇಸರ ಹುಟ್ಟಿಸುತ್ತದೆ. ಅಕ್ಕ ಉಡುತಡಿಯನ್ನು ಬಿಟ್ಟು ಹೋದವಳು ಎಂಬುದು ಈ ಅಭಿಮಾನಿಗಳ ನೆನಪಿನಲ್ಲಿ ಇರುವಂತೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಮಿತಿ, ಪತ್ರ ಬರೆಯುವವರು ಯಾರು ಎಂಬುದು. ನಾನು ಕಂಡ ಮಟ್ಟಿಗೆ ಬರೆಯುವವರು ಗಂಡಸರು, ಮೇಷ್ಟರು, ಅಂಚೆ ನೌಕರರು, ಓದಿದ ಕೃಷಿಕರು. ಅಡಿಕೆ ಚಪ್ಪರದ ಆ ಹೆಂಗಸು ಜೀವನದಲ್ಲಿ ಒಂದು ಕಾರ್ಡನ್ನೂ ಬರೆದವರಲ್ಲ. ಪತ್ರಗಳನ್ನಷ್ಟೇ ಸಂಗ್ರಹಿಸಿದ್ದರೆ ನನಗೆ ಮೇಷ್ಟರ ಓದು ಸಿಗುತ್ತಿತ್ತು, ಆಕೆಯ ಓದು ಸಿಗುತ್ತಿರಲಿಲ್ಲ. ವಚನವನ್ನು ಕುರಿತ ಎರಡು ಸಮಾನ ಸಾಮರ್ಥ್ಯದ ವ್ಯಾಖ್ಯಾನಗಳಲ್ಲಿ ಒಂದು, ಹೆಣ್ಣಿನದು, ದಾಖಲೆಯ ಹೊರಗೆ ಉಳಿದುಬಿಡುತ್ತಿತ್ತು. ತಿರುಗಣೆ ಯಾರ ಕೈಯಲ್ಲಿದೆ ಎಂಬುದೂ ಇಲ್ಲಿ ಗಮನಾರ್ಹ. ಆಕೆ ಕೇಳಿದ್ದು ತಾನು ಆರಿಸಿಕೊಂಡ ಸಂಗೀತವನ್ನಲ್ಲ. ಹಾಗಿದ್ದೂ ಕೇಳಿದಳು, ಯೋಚಿಸಿದಳು, ಹತ್ತಾರು ವರ್ಷ ಅದನ್ನು ಯಾರಿಗೂ ಹೇಳಬೇಕಾದ ಸಂದರ್ಭ ಬರಲಿಲ್ಲ. ಆಕಾಶವಾಣಿಯಲ್ಲಿ ಶ್ರೋತೃ ಸಂಶೋಧನೆಗೆ ಪ್ರತ್ಯೇಕ ವಿಭಾಗವೇ ಇದೆ. ಎಷ್ಟು ಜನ ಕೇಳುತ್ತಾರೆ, ಯಾವ ಹೊತ್ತಿಗೆ ಕೇಳುತ್ತಾರೆ ಎಂಬ ಲೆಕ್ಕ ಅದರ ಕೆಲಸ. ಆದರೆ ಅಂಥ ಪ್ರಶ್ನಾವಳಿಗೆ ಆಕೆಯ ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ ಆಗಿರುತ್ತಿತ್ತು. ಕಥನಕಾಲದ ವಿಚಾರ ಅದರಲ್ಲಿ ಎಲ್ಲಿ ಹಿಡಿಸಬೇಕು?

ಓದುಬರಹದ ಹಂಗಿಲ್ಲದೆ ಕಾವ್ಯದಲ್ಲಿ ಪರಿಣತರಾದ ಜನರೆಂದು ಕವಿರಾಜಮಾರ್ಗಕಾರ ಒಂಬತ್ತನೆಯ ಶತಮಾನದಲ್ಲಿ ನಾಡವರನ್ನು ಹೊಗಳಿದ್ದನ್ನು ನಾವು ಪ್ರತಿ ರಾಜ್ಯೋತ್ಸವದಲ್ಲಿ ಉದ್ಧರಿಸುತ್ತೇವೆ. ಸಹೃದಯ ಪರಿಕಲ್ಪನೆಯ ಮೇಲೆ ಪ್ರಬಂಧಗಳನ್ನು ಬರೆಸುತ್ತೇವೆ. ಎರಡು ದಶಕಗಳ ಹಿಂದೆ ಓದುಗ ಕೇಂದ್ರಿತ ವಿಮರ್ಶೆ ಕನ್ನಡಕ್ಕೆ ಬಂದಾಗ ವಿಚಾರಸಂಕಿರಣಗಳನ್ನೂ ನಡೆಸಿದೆವು. ಆದರೆ ನಮ್ಮ ಓದುಗ ಸದಾ ಒಬ್ಬ ಊಹೆಯ ಓದುಗ. ನಿಜವಾದ ಕೇಳುಗ ತನ್ನ ವಿಳಾಸ ಸಮೇತ ಕಾರ್ಡು ಬರೆದು ಕಳಿಸಿದಾಗ ಅದನ್ನು ತೆರೆದು ನೋಡುವವರು ಇರಲಿಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ, ಆದರೆ ತಡ ಮಾಡುವಂತಿಲ್ಲ. ಬಾನುಲಿ ಕೇಂದ್ರಗಳ ಕಡತಗಳಲ್ಲಿ ಹಳೆಯ ಪತ್ರಗಳು ಉಳಿದಿರುವ ಸಂಭವ ಕಡಿಮೆ. ಕಚೇರಿಗಳಲ್ಲಿ ಹಳೆಯ ಕಾಗದ ವಿಲೇವಾರಿಯಾಗುವುದು ಸಹಜ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಉಳಿದಿರುವುದು ಬರೆದವರ ಮನೆಗಳಲ್ಲಿ, ಇಂಥ ನೋಟುಬುಕ್ಕುಗಳಲ್ಲಿ. ಬರೆದವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಜಾನಪದ ಸಂಗ್ರಹಕ್ಕೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಊರೂರಿಗೆ ಕಳಿಸಿದ ಪರಂಪರೆ ನಮ್ಮ ವಿಭಾಗಗಳಿಗಿದೆ. ಕಿರುಪ್ರಬಂಧಕ್ಕೆ ವಿಷಯ ಸಿಗುತ್ತಿಲ್ಲವೆಂದು ಕೊರಗುವ ಬದಲು, ಒಬ್ಬೊಬ್ಬ ವಿದ್ಯಾರ್ಥಿ ತನ್ನ ತಾಲ್ಲೂಕಿನ ಬಾನುಲಿ ಕೇಳುಗರಲ್ಲಿ ಐವರನ್ನು ಹುಡುಕಿ, ಅವರ ಬಳಿಯಿರುವ ನಕಲುಗಳನ್ನು ಛಾಯಾಚಿತ್ರ ತೆಗೆದು, ಒಂದು ವಚನದ ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿ ಅವರಾಡಿದ ಮಾತನ್ನು ದಾಖಲಿಸಿದರೆ ಸಾಕು. ಬರೆಯದವರನ್ನೂ ಕೇಳಬೇಕು, ಮುಖ್ಯವಾಗಿ ಕೆಲಸದ ನಡುವೆ ಕೇಳಿದವರನ್ನು. ಇದು ಸಾಹಿತ್ಯವೆ ಎಂದು ಆಕ್ಷೇಪಿಸುವ ಮಾರ್ಗದರ್ಶಕರಿದ್ದಾರೆ. ನನ್ನ ವಿಷಯದಲ್ಲೂ ಈ ಪ್ರಶ್ನೆ ಬಂದಿತ್ತು. ಅಕ್ಕನ ವಚನದ ಅರ್ಥವನ್ನು ಕುರಿತ ಎರಡು ವಾದಗಳು ಸಾಹಿತ್ಯವಲ್ಲದಿದ್ದರೆ ಮತ್ತೇನು ಎಂದು ನಾನು ಉತ್ತರಿಸಿದೆ.

ಅಡಿಕೆ ಚಪ್ಪರದ ವಾದವನ್ನು ಮರುವಾರ ಮೇಷ್ಟರಿಗೆ ಮುಟ್ಟಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಕೆಯ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿಕೊಂಡರು, ಪೂರ್ತಿಯಾಗಿ ಅಲ್ಲ. ಆಕೆ ಹೇಳುವುದು ನಿಜವಾದರೆ ಕೊನೆಗೆ ಗಾಯಕರು ಮರಳಬೇಕಾದದ್ದು ಮೊದಲ ಸಾಲಿನ ಮೊದಲ ಭಾಗಕ್ಕೆ ಮಾತ್ರ, ಎಂದರೆ ಅಕ್ಕನನ್ನು ಕರೆಯುವಲ್ಲಿಗೆ. ಕನಸು ಕಂಡೆನೆಂದು ಹೇಳುವ ಉತ್ತರಾರ್ಧವನ್ನು ಮತ್ತೆ ಹಾಡದೆ ಅಲ್ಲಿಯೇ ನಿಲ್ಲಿಸಬೇಕು ಎಂದರು. ಹಾಗೆ ಸಂಬೋಧನೆಯಲ್ಲಿ ಮುಗಿಯುವ ಧ್ವನಿಮುದ್ರಿಕೆ ಯಾರದಾದರೂ ಇದೆಯೆ ಎಂದು ನನ್ನನ್ನೇ ಕೇಳಿದರು, ಆ ಪ್ರಶ್ನೆಯನ್ನು ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಬಲಭಾಗದ ಗುರುತಿನ ಜಾಗ ಖಾಲಿ ಬಿಟ್ಟಿದ್ದಾರೆ. ನಾನು ಅಂದಿನಿಂದ ಸಿಕ್ಕ ಸಿಕ್ಕ ಗಾಯಕರ ಧ್ವನಿಮುದ್ರಿಕೆಗಳ ಕೊನೆಯ ಅರ್ಧ ನಿಮಿಷವನ್ನು ಕೇಳುತ್ತಿದ್ದೇನೆ.